ಬಾರದವರನ್ನು ಕರೆಯುವ ಕೆಲಸ

ಕೇಳುಗರಿಗೆ ನಮಸ್ಕಾರ.

ಆರೋಗ್ಯ ಸಂಶೋಧನೆಗೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ಪ್ರಕಟಣೆ ಅಂಟಿಸಿದರೆ ಮೊದಲು ಬರುವವರು ಯಾರು? ದಿನಾ ವಾಕಿಂಗ್ ಹೋಗುವವರು, ರಕ್ತಪರೀಕ್ಷೆಯ ವರದಿಗಳನ್ನು ತಾರೀಖಿನ ಪ್ರಕಾರ ಫೈಲಿನಲ್ಲಿ ಜೋಡಿಸಿಟ್ಟವರು. ಅವರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅವರನ್ನಷ್ಟೇ ನೋಡಿ ಇಡೀ ಬಡಾವಣೆಯ ಆರೋಗ್ಯ ಹೀಗಿದೆ ಎಂದು ಬರೆದರೆ ಲೆಕ್ಕ ದಾರಿ ತಪ್ಪುತ್ತದೆ. ನಮಗೆ ಬೇಕಾದವರು ರಾತ್ರಿ ಪಾಳಿ ಮುಗಿಸಿ ಮಲಗಿದವರು, ಡಾಕ್ಟರ ಮುಖ ನೋಡಿ ವರ್ಷಗಳಾದವರು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಹೃದ್ರೋಗದ ಅಧ್ಯಯನ ಶುರುವಾಯಿತು. ಆಯ್ಕೆಯ ಪಟ್ಟಿಯಲ್ಲಿದ್ದವರಲ್ಲಿ ಒಪ್ಪಿ ಬಂದವರು 4,469. ಅಷ್ಟು ಸಾಲದೆ, ತಾವಾಗಿಯೇ ಮುಂದೆ ಬಂದ 740 ಜನರನ್ನೂ ಸೇರಿಸಿಕೊಂಡರು. ಅಲ್ಲಿ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಲು ಊರಿನವರೇ ಸಮಿತಿ ಕಟ್ಟಿಕೊಂಡಿದ್ದರು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಕೆಟ್ಟದ್ದು ಎಂದು ಇವತ್ತು ನಾವು ಸಲೀಸಾಗಿ ಹೇಳುತ್ತೇವಲ್ಲ, ಅದರ ಹಿಂದೆ ಎರಡು ವರ್ಷಕ್ಕೊಮ್ಮೆ ಬಂದು ತೋಳು ಚಾಚಿ ಕೂತ ಆ ಜನರಿದ್ದಾರೆ.

ಇನ್ನೊಂದು ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ಅದೇ ದೇಶದ ಟಸ್ಕೀಗಿ ಎಂಬ ಊರಿನಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಜನಾಂಗದ ಗಂಡಸರಿಗೆ ಚಿಕಿತ್ಸೆ ಕೊಡುತ್ತಿದ್ದೇವೆಂದು ನಂಬಿಸಿ, ರೋಗ ಹೇಗೆ ಬೆಳೆಯುತ್ತದೆ ಎಂದು ಸಂಶೋಧಕರು ನೋಡುತ್ತಾ ಕೂತರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಔಷಧ ಬಂದ ಮೇಲೂ ಕೊಡಲಿಲ್ಲ. ಬಾಗಿಲಲ್ಲಿ ನಿಂತು "ಬೇಡ" ಅಂದವರನ್ನು ತಿಳಿವಳಿಕೆ ಇಲ್ಲದವರು ಎಂದು ಗೊಣಗುವ ಮೊದಲು ಇದು ನೆನಪಿರಲಿ.

ಹಾಗಾಗಿ ಸಂಶೋಧನೆಗೆ ಸೇರಲು ಒಪ್ಪಿಗೆ ಕೊಡುವ ಸಮ್ಮತಿ ಪತ್ರ ಅಂದರೆ ಬರೀ ಸಹಿಯ ಕಾಗದವಲ್ಲ. ನಾಲ್ಕು ಪುಟ ಕೈಗಿಟ್ಟು "ಇಲ್ಲಿ ಹಾಕಿ" ಎಂದು ಬೆರಳು ತೋರಿಸುವುದು ಸುಲಭ. ಪಕ್ಕದಲ್ಲಿ ಕೂತು, ಓದಿ ಹೇಳಿ, "ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ" ಎಂದು ಕೇಳುವುದಕ್ಕೆ ಹೊತ್ತು ಹಿಡಿಯುತ್ತದೆ. "ಇದರಿಂದ ನನಗೇನು ಲಾಭ?" ಎಂದು ಅಜ್ಜಿಯೊಬ್ಬರು ಕೇಳಿದರೆ, "ನಿಮಗೆ ಏನೂ ಸಿಗದೆ ಇರಬಹುದು ಅಜ್ಜಿ, ಮುಂದಿನವರಿಗೆ ಉಪಯೋಗವಾಗಬಹುದು" ಎನ್ನುವ ಧೈರ್ಯ ಬೇಕು. ಈ ಉತ್ತರ ಕೇಳಿ ಒಪ್ಪುವವರೂ ಇದ್ದಾರೆ.

ನಿಮ್ಮ ಮನೆಗೂ ಸಂಶೋಧನೆಗೆ ಕರೆಯಲು ಯಾರಾದರೂ ಬಂದರೆ ಒಳಗೆ ಕರೆಯಿರಿ. ನನ್ನ ರಕ್ತ ಎಲ್ಲಿಗೆ ಹೋಗುತ್ತದೆ, ನನ್ನ ಹೆಸರು ಯಾರಿಗೆ ಕಾಣುತ್ತದೆ, ನಡುವೆ ಬಿಟ್ಟರೆ ನನಗೆ ಸಿಗುವ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ, ಫಲಿತಾಂಶ ತಿಳಿಸಲು ಮತ್ತೆ ಬರುತ್ತೀರಾ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಪೆನ್ನು ವಾಪಸ್ ಕೊಡಿ.

ನಮಸ್ಕಾರ.