ಗೇಟಿಗೆ ಕಟ್ಟಿಹೋದ ಕುದುರೆ

ಎಲ್ಲರಿಗೂ ನಮಸ್ಕಾರ.

2020ರ ಮೇ ತಿಂಗಳು, ಎರಡನೇ ವಾರ. ಲಾಕ್‌ಡೌನ್ ನಡೆಯುತ್ತಿತ್ತು. ಬೆಳಿಗ್ಗೆ ಹಾಲು ತರೋಣ ಅಂತ ಹೊರಟೆ. ಗೇಟು ತೆಗೆಯೋಕೇ ಆಗಲಿಲ್ಲ. ಆಚೆ ಕಡೆಯಿಂದ ಅದಕ್ಕೊಂದು ಕುದುರೆ ಕಟ್ಟಿತ್ತು. ನಾನು ದನದ ಡಾಕ್ಟರು ಅಂತ ಬೀದಿಗೆಲ್ಲ ಗೊತ್ತು. ರಾತ್ರಿ ಯಾರೋ ತಂದು ಕಟ್ಟಿ ಹೋಗಿದ್ದರು.

ಕಂದು ಬಣ್ಣದ ಹೆಣ್ಣು ಕುದುರೆ. ಹಲ್ಲು ನೋಡಿದರೆ ಹದಿನಾಲ್ಕು ಹದಿನೈದು ವರ್ಷ ಇರಬಹುದು. ಪಕ್ಕೆಲುಬನ್ನು ದೂರದಿಂದಲೇ ಎಣಿಸಬಹುದಿತ್ತು. ಮುಂದೆ ಒಂದು ಹಿಡಿ ಒಣಹುಲ್ಲು, ಒಂದು ಬಕೆಟ್ ನೀರು. ಬಕೆಟ್ಟು ಹೊಸದೇನಲ್ಲ, ಮನೆಯಲ್ಲಿ ಬಳಸಿದ್ದು. ಅಭ್ಯಾಸಬಲದಿಂದ ಕಾಲು ಎತ್ತಿ ನೋಡಿದೆ. ನಾಲ್ಕು ಕಾಲಿಗೂ ಹೊಸ ಲಾಳ. ಮೊಳೆಯ ತಲೆ ಕೂಡ ಸವೆದಿರಲಿಲ್ಲ.

ಅವತ್ತು ನಾನು ಆ ಮಾಲೀಕನನ್ನು ಚೆನ್ನಾಗಿ ಬೈದುಕೊಂಡೆ. ಬೈಯೋದು ಸುಲಭ, ಅಲ್ವಾ? ಆದರೆ ಆ ಲಾಳ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಿಟ್ಟು ಹೋಗುವವನು ಹೊಸ ಲಾಳ ಯಾಕೆ ಕಟ್ಟಿಸಿದ? ಆಮೇಲೆ ಇಂಥ ಹತ್ತಾರು ಮನೆಗಳಿಗೆ ಹೋಗಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಕುದುರೆಯನ್ನು ಬಿಡಬೇಕು ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ಮಾಡಬೇಕಾದ ಬೇರೆ ತೀರ್ಮಾನಗಳನ್ನೆಲ್ಲ ಮುಂದಕ್ಕೆ ಹಾಕುತ್ತಾರೆ. ಹಾಕಿ ಹಾಕಿ ಕೊನೆಗೆ ಅದೊಂದೇ ಉಳಿಯುತ್ತದೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಲೆಕ್ಕ. ಇಲ್ಲಿರುವ ಟಾಂಗಾದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಎರಡು ಭಾಗದಷ್ಟು ಒಣ ಮೇವು ಬೇಕು. ನಮ್ಮ ಗಾಡಿ ಕುದುರೆ ಮುನ್ನೂರು ಕೆಜಿ ಅಂತ ಇಟ್ಟುಕೊಳ್ಳಿ, ಆರು ಕೆಜಿ ಆಯಿತು. ರೇಸಿನ ಕುದುರೆ ಐನೂರು ಕೆಜಿ ತೂಗುತ್ತದೆ, ಅದಕ್ಕೆ ಹತ್ತು. ಕೆಲಸ ಇದ್ದರೆ ಮೇಲೆ ಹುರುಳಿ, ಬೂಸಾ. ಆರು ವಾರಕ್ಕೊಮ್ಮೆ ಲಾಳ. ಚೆನ್ನಾಗಿ ನೋಡಿಕೊಂಡರೆ 25 ವರ್ಷ ಬದುಕುತ್ತದೆ, ಕೆಲವು 30ರ ತನಕವೂ. ಗಾಡಿಗೆ ಕಟ್ಟುವುದು ಅದರಲ್ಲಿ ಅರ್ಧ ಆಯಸ್ಸು.

ಆಟೋ ಇದ್ದವನಿಗೆ ಬಾಡಿಗೆ ಸಿಗದಿದ್ದರೆ ಆಟೋ ನಿಲ್ಲಿಸಬಹುದು. ಸಾಲದ ಕಂತು ಕಟ್ಟಬೇಕು, ನಿಜ. ಆದರೆ ನಿಂತ ಆಟೋ ಡೀಸೆಲ್ ಕುಡಿಯಲ್ಲ. ನಿಂತ ಕುದುರೆ ತಿನ್ನುತ್ತದೆ. ಹಸು ಆದರೆ ಹಾಲು ನಿಂತರೂ ಕರುವಿನ ಆಸೆ ಇರುತ್ತದೆ, ಗೊಬ್ಬರಕ್ಕಾದರೂ ಬೇಕು ಅನ್ನುತ್ತಾರೆ, ಏನೂ ಇಲ್ಲದಿದ್ದರೆ ಗೋಶಾಲೆಯವರು ಸೇರಿಸಿಕೊಳ್ಳುತ್ತಾರೆ. ದುಡಿಯದ ಕುದುರೆಯನ್ನು ಕೇಳುವವರಿಲ್ಲ.

ಇದು ಬಡವರ ಕಷ್ಟ, ದುಡ್ಡಿರುವ ದೇಶದಲ್ಲಿ ಹೀಗಾಗಲ್ಲ ಅಂತ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಆಗಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಲೆಕ್ಕ ಇಟ್ಟಿದ್ದಾರೆ.

ಅಲ್ಲಿ 2007ರವರೆಗೆ ಮೂರು ಕುದುರೆ ಕಸಾಯಿಖಾನೆಗಳು ಉಳಿದಿದ್ದವು. ಎರಡು ಟೆಕ್ಸಾಸ್‌ನಲ್ಲಿ, ಒಂದು ಇಲಿನಾಯ್‌ನಲ್ಲಿ. ಅಮೆರಿಕದವರು ಸಾಮಾನ್ಯವಾಗಿ ಕುದುರೆ ತಿನ್ನಲ್ಲ. ಮಾಂಸ ಯುರೋಪಿಗೆ, ಜಪಾನಿಗೆ ಹೋಗುತ್ತಿತ್ತು. 2006ರಲ್ಲಿ ಅಲ್ಲಿ ಕಡಿದದ್ದು ಒಂದು ಲಕ್ಷಕ್ಕೂ ಹೆಚ್ಚು ಕುದುರೆ. ಕುದುರೆ ಪ್ರಿಯರಿಗೆ ಇದು ಸಹಿಸಲಾಗದ ಮಾತು. ರಾಜ್ಯದ ಕಾನೂನುಗಳು, ಕೋರ್ಟು, ತಪಾಸಣೆಗೆ ಹಣ ಕೊಡಲ್ಲ ಎಂದ ಸಂಸತ್ತು, ಎಲ್ಲ ಸೇರಿ 2007ರಲ್ಲಿ ಮೂರೂ ಮುಚ್ಚಿದವು. ಹಬ್ಬ ಮಾಡಿದರು.

ಮರು ವರ್ಷ 2008. ಬ್ಯಾಂಕುಗಳು ಮುಳುಗಿದವು, ಜನ ಕೆಲಸ ಕಳೆದುಕೊಂಡರು, ಮನೆ ಕಳೆದುಕೊಂಡರು. ಮನೆಯ ಹಿಂದಿದ್ದ ಎರಡು ಎಕರೆ ಹುಲ್ಲುಗಾವಲೂ ಹೋಯಿತು. ಮೇವು, ಡೀಸೆಲ್ ಎರಡರ ಬೆಲೆಯೂ ಏರಿತ್ತು. ಮಗಳ ಸವಾರಿಗೆ ಅಂತ ಆಸೆಪಟ್ಟು ತಂದ ಕುದುರೆಯನ್ನು ಮಾರೋಣ ಅಂದರೆ ಕೊಳ್ಳುವವರಿಲ್ಲ. ಸಂತೆಗೆ ಗಾಡಿಯಲ್ಲಿ ಕುದುರೆ ತುಂಬಿಕೊಂಡು ಹೋಗಿ, ಖಾಲಿ ಗಾಡಿಯಲ್ಲಿ ವಾಪಸ್ ಬರೋಣ ಅಂತ ನೋಡಿದರೆ ಅದರಲ್ಲಿ ಬೇರೆ ಯಾರದೋ ಕುದುರೆ ಕಟ್ಟಿತ್ತು ಅನ್ನುವ ಕಥೆಗಳು ಆಗ ಊರೂರಲ್ಲಿ ಓಡಾಡುತ್ತಿದ್ದವು. ಕೆಲವರು ಸರ್ಕಾರಿ ಕಾಡಿಗೆ ಹೊಡೆದರು. ಕಾಡುಕುದುರೆಗಳ ಜೊತೆ ಸೇರಿಕೊಂಡು ಬದುಕಿಕೊಳ್ಳುತ್ತದೆ ಅಂತ. ಲಾಯದಲ್ಲಿ ಬೆಳೆದ ಕುದುರೆಗೆ ನೀರು ಎಲ್ಲಿದೆ ಅಂತಲೂ ಗೊತ್ತಿರಲ್ಲ, ಆ ಗುಂಪು ಸೇರಿಸಿಕೊಳ್ಳುವುದೂ ಇಲ್ಲ, ಒದ್ದು ಓಡಿಸುತ್ತದೆ.

ಅಮೆರಿಕದ ಸಂಸತ್ತಿಗೆ ಲೆಕ್ಕಪತ್ರ ನೋಡಿಕೊಡುವ ಸಂಸ್ಥೆಯೊಂದಿದೆ. ಅದು 2011ರಲ್ಲಿ ವರದಿ ಕೊಟ್ಟಿತು. ಕೊಲೊರಾಡೊ ಒಂದೇ ರಾಜ್ಯದಲ್ಲಿ ಕುದುರೆಗಳ ಹಿಂಸೆ, ನಿರ್ಲಕ್ಷ್ಯದ ತನಿಖೆಗಳು 2005ರಲ್ಲಿ 975 ಇದ್ದದ್ದು 2009ಕ್ಕೆ 1,588 ಆದವು. ನನಗೆ ಜಾಸ್ತಿ ತಟ್ಟಿದ್ದು ಇನ್ನೊಂದು ಲೆಕ್ಕ. ಕೊಲ್ಲಲಿಕ್ಕೆ ಅಂತ ಕೆನಡಾ, ಮೆಕ್ಸಿಕೊಗೆ ಸಾಗಿಸಿದ ಕುದುರೆ 2006ರಲ್ಲಿ 32,789. 2010ರಲ್ಲಿ 1,37,984. ಈಗ 2006ರಲ್ಲಿ ದೇಶದೊಳಗೆ ಕಡಿದ ಲಕ್ಷ ಚಿಲ್ಲರೆಯನ್ನು ಆ ವರ್ಷ ಆಚೆ ಹೋದವಕ್ಕೆ ಕೂಡಿಸಿ ನೋಡಿ. ಹೆಚ್ಚುಕಡಿಮೆ ಅದೇ 1,37,000. ಕಸಾಯಿಖಾನೆ ಮುಚ್ಚಿತು, ಸತ್ತ ಕುದುರೆಗಳ ಸಂಖ್ಯೆ ಅಷ್ಟೇ ಇತ್ತು. ಲಾರಿಯಲ್ಲಿ ನಿಂತುಕೊಂಡು ಹೋಗುವ ದೂರ ಮಾತ್ರ ಉದ್ದವಾಯಿತು.

ಹಾಗಾದರೆ ಕಸಾಯಿಖಾನೆ ಬೇಕಿತ್ತಾ ಅಂತ ಕೇಳುತ್ತೀರಿ. ಅಲ್ಲಿ ಇವತ್ತಿಗೂ ಅದೇ ಜಗಳ. ಒಬ್ಬರು ಮುಚ್ಚಿದ್ದೇ ತಪ್ಪು ಅನ್ನುತ್ತಾರೆ, ಇನ್ನೊಬ್ಬರು ಎಲ್ಲ ಆರ್ಥಿಕ ಕುಸಿತದಿಂದ ಆಗಿದ್ದು ಅನ್ನುತ್ತಾರೆ. ಇಬ್ಬರದ್ದೂ ಅರ್ಧರ್ಧ ಸರಿ ಅಂತ ನನಗೆ ಕಾಣುತ್ತದೆ. ನನ್ನ ತಕರಾರು ಬೇರೆ. ಒಳ್ಳೆಯ ದಿನಗಳಲ್ಲಿ ಲೆಕ್ಕವಿಲ್ಲದೆ ಮರಿ ಹಾಕಿಸಿದ್ದರಲ್ಲ, ಅದನ್ನು ಯಾರೂ ಎತ್ತುತ್ತಿರಲಿಲ್ಲ. ಕಷ್ಟ ಬಂದ ಮೇಲೆ ಬುದ್ಧಿ ಬಂತು. ಕೆನಡಾವೂ ಸೇರಿ, ಥರೋಬ್ರೆಡ್ ಅನ್ನುವ ತಳಿಯ ರೇಸ್ ಕುದುರೆಗಳೇ ವರ್ಷಕ್ಕೆ ಸುಮಾರು 38 ಸಾವಿರ ಹುಟ್ಟುತ್ತಿದ್ದದ್ದು ಏಳೆಂಟು ವರ್ಷದಲ್ಲಿ 24 ಸಾವಿರದ ಹತ್ತಿರಕ್ಕೆ ಇಳಿಯಿತು. ಗಂಡು ಕುದುರೆಗಳ ಬೀಜ ತೆಗೆಸಲು ಕಡಿಮೆ ಖರ್ಚಿನ ಶಿಬಿರ ಶುರು ಮಾಡಿದರು. ಕೆಲವು ಕಡೆ ಮೇವಿನ ಬ್ಯಾಂಕ್ ಮಾಡಿದರು. ಕೆಲಸ ಹೋದವನು ಬಂದು ಎರಡು ತಿಂಗಳಿನ ಹುಲ್ಲು ಒಯ್ಯಬಹುದು. ಒಬ್ಬನ ಕುದುರೆಯನ್ನು ಆಮೇಲೆ ರಕ್ಷಣಾ ಕೇಂದ್ರದಲ್ಲಿ ಜೀವನವಿಡೀ ಸಾಕುವುದಕ್ಕಿಂತ ಈಗ ಎರಡು ತಿಂಗಳು ಹುಲ್ಲು ಕೊಡುವುದು ಎಷ್ಟೋ ಅಗ್ಗ. ಇದು ಅವರಿಗೆ ಹೊಳೆದದ್ದು ನನಗೆ ಬಹಳ ಇಷ್ಟವಾಯಿತು.

ನಮ್ಮ ಕಡೆ ಬರೋಣ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಕುದುರೆ, ತಟ್ಟು ಸೇರಿ 6 ಲಕ್ಷ ದಾಟಿದ್ದವು. 2019ಕ್ಕೆ 3.4 ಲಕ್ಷ. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಕುದುರೆ ಕಡಿಮೆಯಾಯಿತು ಅಂದರೆ ಬೇಡದ ಕುದುರೆಯೂ ಕಡಿಮೆ ಅಂತ ಅಲ್ಲ. ಕಸುಬು ಮುಗಿಯುತ್ತಿದೆ ಅಂತ ಅರ್ಥ. ಮುಂಬೈನಲ್ಲಿ ವಿಕ್ಟೋರಿಯಾ ಅನ್ನುವ ಕುದುರೆ ಸಾರೋಟುಗಳು ಕಾನೂನಿಗೆ ವಿರುದ್ಧ ಅಂತ 2015ರಲ್ಲಿ ಹೈಕೋರ್ಟ್ ಹೇಳಿತು, ಒಂದು ವರ್ಷದೊಳಗೆ ನಿಲ್ಲಿಸಿ ಅಂದಿತು. ಗಾಡಿಯನ್ನು ಮ್ಯೂಸಿಯಂನಲ್ಲಿ ಇಡಬಹುದು. ಕುದುರೆಯನ್ನು? ಊಟಿಗೆ ಹೋದವರು ನೋಡಿರುತ್ತೀರಿ, ಪೇಟೆಯ ಕಸದ ತೊಟ್ಟಿ ಹತ್ತಿರ ಕುದುರೆಗಳು ಮೇಯುತ್ತಿರುತ್ತವೆ. ಕುದುರೆ ಹುಟ್ಟಿಸಲಿಕ್ಕೆ ಟಿಪ್ಪು ಕಾಲದಿಂದ ಕುಣಿಗಲ್‌ನಲ್ಲಿ ಫಾರಂ ಇದೆ. ಕುದುರೆ ಮುದಿಯಾದರೆ ಎಲ್ಲಿಗೆ ಹೋಗಬೇಕು ಅಂತ ನಾವು ಯೋಚಿಸಿದ್ದು ಕಡಿಮೆ.

ಕಾನೂನು ಇಲ್ಲ ಅಂತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಂದ ಐವತ್ತು ರೂಪಾಯಿ. ನಗಬೇಡಿ, ನಿಜವಾಗಿ ಅಷ್ಟೇ.

ಲಾಕ್‌ಡೌನ್‌ನಲ್ಲಿ ಮೈಸೂರಿನ ಸ್ಥಿತಿ ನಿಮಗೇ ಗೊತ್ತಲ್ಲ. ಪ್ರವಾಸಿಗಳು ಪೂರ್ತಿ ನಿಂತರು. ಮದುವೆ ಮೆರವಣಿಗೆ ಇಲ್ಲ. ಆ ವರ್ಷದ ಜಂಬೂಸವಾರಿಯೂ ಅರಮನೆಯ ಒಳಗೇ ಮುಗಿಯಿತು. ಒಬ್ಬ ಹಿರಿಯ ಟಾಂಗಾದವರ ಲಾಯಕ್ಕೆ ಹೋಗಿದ್ದೆ. ಮೂರು ಕುದುರೆ, ಮೂರೂ ಸೊರಗಿದ್ದವು.

"ಚಾಚಾ, ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಅಂದೆ.

"ಏನಂತ ಹೇಳೋದು ಡಾಕ್ಟ್ರೇ? ನಮ್ಮ ತಾತನ ಕಾಲದಿಂದ ಕುದುರೆ ಸಾಕ್ತಾ ಇದೀವಿ. ಹುಲ್ಲು ಹಾಕೋಕೆ ಆಗ್ತಿಲ್ಲ ಅಂತ ಯಾರ ಮುಂದೆ ಹೇಳಲಿ?"

ಅವರ ಹತ್ತಿರ ಎರಡು ಕುದುರೆಗೆ ಸಾಕಾಗುವಷ್ಟು ಮೇವಿತ್ತು. ಅದನ್ನೇ ಮೂರಕ್ಕೂ ಹಂಚಿ ಮೂರನ್ನೂ ಕೆಡಿಸಿಕೊಂಡಿದ್ದರು. ಮಾರ್ಚ್ ಕೊನೆಯಲ್ಲೇ ಒಂದನ್ನು ಯಾರಿಗಾದರೂ ಕೊಟ್ಟಿದ್ದರೆ ಆಗುತ್ತಿತ್ತು. ಆಗ ಅದು ಮೈತುಂಬಿಕೊಂಡಿತ್ತು, ಇಸ್ಕೊಳ್ಳುವವರು ಸಿಗುತ್ತಿದ್ದರು. ಮೇನಲ್ಲಿ ಪಕ್ಕೆಲುಬು ಕಾಣುವ ಕುದುರೆಯನ್ನು ಪುಕ್ಕಟೆ ಕೊಟ್ಟರೂ ಬೇಡ ಅಂದರು. ಪುಕ್ಕಟೆ ಅಂದರೆ ಓಡಿ ಬರುವವರೂ ಇರುತ್ತಾರೆ, ಅವರ ಬಗ್ಗೆ ಇನ್ನೂ ಜಾಸ್ತಿ ಹುಷಾರಾಗಿರಿ. ಕೊಡುವ ಮೊದಲು ಅವರ ಲಾಯ ನೋಡಿ, ಮೇವಿನ ರಾಶಿ ನೋಡಿ.

ಕುದುರೆ ಇಳಿಯುತ್ತಿದೆ ಅಂತ ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಟೈಲರ್ ಟೇಪ್ ಇಟ್ಟುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಹೆಗಲ ತುದಿಯಿಂದ ಹಿಂದಿನ ಪಿರ್ರೆಯ ತುದಿಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಕೆಜಿ ಸಿಗುತ್ತದೆ. ಸುತ್ತಳತೆ 150, ಉದ್ದ 140 ಇದ್ದರೆ 265 ಕೆಜಿ. ಮುಂದಿನ ಸಲ ಅಳೆದಾಗ ಸುತ್ತಳತೆ 144 ಆಗಿದ್ದರೆ ಇಪ್ಪತ್ತು ಕೆಜಿ ಹೋಯಿತು ಅಂತ. ಬರೀ ಆರು ಸೆಂಟಿಮೀಟರ್! ಕಣ್ಣಿಗೆ ಎಲ್ಲಿ ಕಾಣುತ್ತದೆ? ಟೆಕ್ಸಾಸ್‌ನಲ್ಲಿ 1983ರಲ್ಲಿ ಹೆನ್ನೆಕೆ ಅನ್ನುವವರು ಕೈಯಿಂದ ಮುಟ್ಟಿ ನೋಡಿ ಒಂದರಿಂದ ಒಂಬತ್ತು ಅಂಕ ಕೊಡುವ ಪದ್ಧತಿ ಮಾಡಿದರು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಅದು ಐದು. ನಮ್ಮ ಗೇಟಿನ ಕುದುರೆ ಎರಡು.

ಅದಕ್ಕೆ ತಿನ್ನಿಸಿದ್ದನ್ನು ಹೇಳಬೇಕು. ಪಕ್ಕದ ಮನೆಯ ಅಜ್ಜಿ ಪಾಪ, ಒಂದು ಪಾತ್ರೆ ಹುರುಳಿ ಬೇಯಿಸಿ, ಬೆಲ್ಲ ಹಾಕಿ ತಂದುಬಿಟ್ಟರು. ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ಬಹಳ ದಿನ ಉಪವಾಸ ಇದ್ದ ಕುದುರೆಗೆ ಒಮ್ಮೆಲೇ ಕಾಳು, ಬೆಲ್ಲ ಬಿದ್ದರೆ ರಕ್ತದಲ್ಲಿನ ಲವಣಗಳು ಸರ್ರನೆ ಇಳಿಯುತ್ತವೆ. ತಿಂದು ಮೂರ್ನಾಲ್ಕು ದಿನಕ್ಕೆ ಹೃದಯ ನಿಂತು ಸಾಯಬಹುದು. ಹಸಿವಿನಿಂದ ಸಾಯದೆ ಉಳಿದದ್ದು ಊಟದಿಂದ ಸಾಯುತ್ತದೆ. ನಾನು ಕೊಟ್ಟದ್ದು ಕುದುರೆ ಮೆಂತೆ, ಅಂದರೆ ಲೂಸರ್ನ್ ಮೇವು, ಒಣಗಿದ್ದು. ನಾಲ್ಕು ಗಂಟೆಗೊಮ್ಮೆ ಅರ್ಧ ಕೆಜಿ, ರಾತ್ರಿಯೂ ಅಲಾರಂ ಇಟ್ಟುಕೊಂಡು ಎದ್ದು. ಮೂರು ದಿನ ಹಾಗೇ. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಅಜ್ಜಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಜಿಪುಣ ಅಂದುಕೊಂಡಿರಬೇಕು.

ಇನ್ನೊಂದು ಮಾತು, ಕಷ್ಟದ್ದು. ಹಲ್ಲು ಸವೆದು ಹುಲ್ಲು ಅಗಿಯಲಾಗದ, ಗೊರಸು ಕೆಟ್ಟು ನಿಲ್ಲಲಾಗದ ಮುದಿ ಕುದುರೆಗೆ ಸೂಜಿ ಹಾಕಿ ಮಲಗಿಸುವುದು. ಪಾಪ ಬರುತ್ತೆ ಅಂತ ನನ್ನನ್ನು ತಡೆದವರು ಬಹಳ. ಅವರ ಜೊತೆ ನಾನು ವಾದ ಮಾಡಲ್ಲ. ಆದರೆ ಹಾಗೆ ತಡೆದ ಕೆಲವರ ಕುದುರೆಯನ್ನು ತಿಂಗಳ ನಂತರ ರಿಂಗ್ ರೋಡ್ ಪಕ್ಕ ನೋಡಿದ್ದೇನೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಪಾಪಕ್ಕಿಂತ ಖರ್ಚಿನ ಭಯ. ಮುನ್ನೂರು ಕೆಜಿ ದೇಹ. ಊರೊಳಗೆ ಎಲ್ಲಿ ಹೂಳುವುದು? ಜೆಸಿಬಿಗೆ ದುಡ್ಡು ಯಾರು ಕೊಡುವುದು? ಸೂಜಿಯ ಮದ್ದು ದೇಹದಲ್ಲೇ ಉಳಿಯುವುದರಿಂದ ಆಳವಾಗಿ ಹೂಳಲೇಬೇಕು, ಇಲ್ಲದಿದ್ದರೆ ತಿಂದ ನಾಯಿ, ಹದ್ದು ಸಾಯುತ್ತವೆ. ಅಮೆರಿಕದಲ್ಲೂ ಇದೇ ಖರ್ಚಿಗೆ ಹೆದರಿ ಬಿಟ್ಟವರಿದ್ದರು. ನಗರಪಾಲಿಕೆಯವರು ಒಂದು ತುಂಡು ಜಾಗ ತೋರಿಸಿ, ಗುಂಡಿ ತೋಡಿಸಿಕೊಟ್ಟರೆ ಐವತ್ತು ರೂಪಾಯಿ ದಂಡಕ್ಕಿಂತ ಎಷ್ಟೋ ಉಪಯೋಗ.

ಆ ಕುದುರೆ ಏನಾಯಿತು ಅಂತ ನಿಮ್ಮ ಮುಖದಲ್ಲೇ ಕಾಣುತ್ತಿದೆ. ಬದುಕಿತು. ಜೂನ್ ಮೂರನೇ ವಾರ ಗೊರಸು ಬೆಳೆದಿತ್ತು, ಲಾಳ ಕಟ್ಟುವವನನ್ನು ಕರೆಸಿದೆ. ಮುಂಗಾಲು ಎತ್ತಿ ಮಡಿಲಲ್ಲಿಟ್ಟುಕೊಂಡವನು ಹಾಗೇ ನಿಂತ.

"ಇದು ನಾನೇ ಹೊಡೆದಿದ್ದು ಸಾರ್."

ಯಾರ ಕುದುರೆ ಅಂತ ಕೇಳಿದೆ. ಅವನು ಹೆಸರು ಹೇಳಲಿಲ್ಲ. ಮೊಳೆ ಕೀಳುತ್ತಾ ಅಂದ, "ಮೇ 3ಕ್ಕೆ ಲಾಕ್‌ಡೌನ್ ಮುಗಿಯುತ್ತೆ, 4ನೇ ತಾರೀಖು ಗಾಡಿ ಕಟ್ಟಬೇಕು ಅಂತ ಕಟ್ಟಿಸ್ಕೊಂಡು ಹೋದ ಸಾರ್. ಅವತ್ತೇ ಸಂಜೆ ಟಿವಿಯಲ್ಲಿ ಬಂತು, 17ರವರೆಗೂ ಅಂತ. ದುಡ್ಡು ಇನ್ನೂ ಕೊಟ್ಟಿಲ್ಲ. ನಾನೂ ಕೇಳೋಕೆ ಹೋಗಿಲ್ಲ."

ಎರಡು ಸಲದ್ದೂ ಸೇರಿಸಿ ತಗೋ ಅಂದೆ. ಒಂದು ಸಲದ್ದು ಮಾತ್ರ ಎಣಿಸಿಕೊಂಡು, ಉಳಿದದ್ದು ವಾಪಸ್ ಕೊಟ್ಟ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ. ಟೇಪು ತಂದಿದ್ದೇನೆ, ಹೊರಗೆ ಯಾರದಾದರೂ ಕುದುರೆ ನಿಂತಿದ್ದರೆ ಅಳೆದು ತೋರಿಸುತ್ತೇನೆ.