ರಿಸ್ಟೋರ್ ಕೈಕೊಟ್ಟರೆ ಮುಂದೇನು?

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ವಿಂಡೋಸ್ 10 ಮತ್ತು 11ರ ಬಗ್ಗೆ. ಮ್ಯಾಕ್ ಇಟ್ಟುಕೊಂಡವರು ಬೇಕಿದ್ದರೆ ಕಾಫಿ ಕುಡಿದು ಬರಬಹುದು.

ಕಂಪ್ಯೂಟರ್ ಕೆಟ್ಟರೆ 'ಸಿಸ್ಟಮ್ ರಿಸ್ಟೋರ್ ಮಾಡು' ಅಂತ ಎಲ್ಲರೂ ಹೇಳುತ್ತಾರೆ. ಅಂದರೆ ವಿಂಡೋಸನ್ನು ಹಿಂದೆ ಸರಿಯಿದ್ದ ದಿನದ ಸ್ಥಿತಿಗೆ ಮರಳಿಸುವುದು. ಆ ರಿಸ್ಟೋರೇ ಕೈಕೊಟ್ಟರೆ? ಅರ್ಧ ಗಂಟೆ ಗಿರಗಿರ ತಿರುಗಿ, 'ಸಿಸ್ಟಮ್ ರಿಸ್ಟೋರ್ ಡಿಡ್ ನಾಟ್ ಕಂಪ್ಲೀಟ್ ಸಕ್ಸೆಸ್‌ಫುಲಿ' ಅನ್ನುವ ಸಾಲು ಬರುತ್ತದೆ. ಆಗ ನಮ್ಮ ಜನ ಅದನ್ನೇ ಮತ್ತೆ ಮತ್ತೆ ಒತ್ತುತ್ತಾರೆ. ಇಲ್ಲವೇ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸುತ್ತಾರೆ. ಇವೆರಡರ ನಡುವೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಮೊದಲು ಒಂದು ವಿಷಯ. ನಮ್ಮನ್ನು ಕಾಪಾಡಬೇಕಾದ ಈ ರಿಕವರಿ ಕೂತಿರುವುದೂ ಅದೇ ಡಿಸ್ಕಿನ ಮೇಲೆ. ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ಆ ಹಳೆಯ ಸ್ಥಿತಿಯನ್ನು ಉಳಿಸಿಟ್ಟ ಗುರುತುಗಳು, ಸಿ ಡ್ರೈವಿನ 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್' ಅನ್ನುವ ಕಣ್ಣಿಗೆ ಕಾಣದ ಫೋಲ್ಡರಿನಲ್ಲಿರುತ್ತವೆ. ವಿಂಡೋಸ್ ಏಳದಿದ್ದಾಗ ಬರುವ ನೀಲಿ ಮೆನು ಸಾಮಾನ್ಯವಾಗಿ ಅದೇ ಡಿಸ್ಕಿನ ಒಂದು ಪುಟ್ಟ ಪಾರ್ಟಿಷನ್ನಿನಲ್ಲಿರುತ್ತದೆ. ಹಾಗಾಗಿ ರಿಸ್ಟೋರ್ ಸೋತರೆ ಮೊದಲ ಅನುಮಾನ ಡಿಸ್ಕಿನ ಮೇಲೇ ಇರಲಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದೆಯಾ? ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದೆಯಾ? ಹಾಗಿದ್ದರೆ ರಿಪೇರಿ ಅಲ್ಲಿಗೇ ನಿಲ್ಲಿಸಿ, ಫೈಲ್‌ಗಳನ್ನು ಹೊರಗೆ ತೆಗೆಯಿರಿ. ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಕೂಡ ಆಮೇಲೆ. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆಯೂ ಓದಿಸಿದರೆ ಅದು ಇನ್ನೂ ಬೇಗ ಹೋಗಬಹುದು.

ವಿಂಡೋಸ್ ಏಳದಿದ್ದರೆ ಫೈಲ್ ತೆಗೆಯುವುದು ಹೇಗೆ ಅಂತೀರಾ? ನೀಲಿ ಮೆನುವಿನಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಒತ್ತಿ. ಕಪ್ಪು ಪರದೆಯಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಹೊಡೆಯಿರಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ. ಈಗ ಆ ಪುಟ್ಟ ಕಿಟಕಿಯೇ ನಿಮ್ಮ ಎಕ್ಸ್‌ಪ್ಲೋರರ್. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಕಾಪಿ ಆಯ್ತು ಅಂತ ತೋರಿಸುವ ಹಸಿರು ಪಟ್ಟಿ ಬರುವುದಿಲ್ಲ. ಕಿಟಕಿ ಹೆಪ್ಪುಗಟ್ಟಿದಂತೆ ಕಂಡರೂ ಸುಮ್ನೆ ಕಾಯಿರಿ. ಇಲ್ಲಿ ನಿಮ್ಮ ಸಿ ಡ್ರೈವ್‌ಗೆ ಡಿ ಅಂತ ಹೆಸರು ಬಂದಿರಬಹುದು, ಗಾಬರಿ ಬೇಡ. ಎಕ್ಸ್ ಅಂತ ಕಾಣುವುದು ಮೆಮೊರಿಯಲ್ಲಿ ನಿಂತಿರುವ ತಾತ್ಕಾಲಿಕ ಡ್ರೈವ್. ಅದರಲ್ಲಿ ಏನನ್ನೂ ಇಡಬೇಡಿ, ರೀಸ್ಟಾರ್ಟ್ ಆದರೆ ಹೋಯ್ತು.

ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇದಕ್ಕೂ ಒಂದು ಹೆಜ್ಜೆ ಮುಂಚೆ. 48 ಅಂಕಿಗಳ ಬಿಟ್‌ಲಾಕರ್ ಕೀ ಕೊಡಿ ಅಂತ ಕೇಳುತ್ತದೆ. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. 'ಸಾರ್, ನಾನು ಬಿಟ್‌ಲಾಕರ್ ಹಾಕೇ ಇಲ್ಲ' ಅನ್ನುತ್ತಾರೆ. ನಿಜ, ನೀವು ಹಾಕಿಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೈನ್ ಇನ್ ಆದ ಕೂಡಲೇ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕೀ ಅದೇ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ಮೊಬೈಲಿನಲ್ಲಿ ಲಾಗಿನ್ ಆಗಿ, ಪರದೆಯ ಮೇಲಿನ ಕೀ ಐಡಿಗೆ ಹೊಂದುವ ಕೀ ಹುಡುಕಿ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವರೇ ಅವರ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ? ಕೀ ಅವರ ಹತ್ತಿರ ಇರುತ್ತದೆ. ಅದಕ್ಕೇ ಮನೆಗೆ ಹೋದ ಮೇಲೆ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಈ ಕೀ ಎಷ್ಟು ಕಾಡಬಹುದು ಅನ್ನುವುದನ್ನು 2024ರ ಜುಲೈ 19ರಂದು ಇಡೀ ಪ್ರಪಂಚ ನೋಡಿತು. ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ತುಂಬಾ ಸಣ್ಣದು: ಸೇಫ್ ಮೋಡ್‌ಗೆ (ತೀರಾ ಅಗತ್ಯವಿದ್ದಷ್ಟೇ ಇಟ್ಟುಕೊಂಡು ವಿಂಡೋಸ್ ಏಳುವ ರೀತಿ) ಹೋಗಿ ಒಂದು ಫೈಲ್ ಅಳಿಸಬೇಕಿತ್ತು. ಆದರೆ ಬೀಗ ಬಿದ್ದ ಡಿಸ್ಕಿನ ಒಳಗೆ ಹೋಗಲು ಒಂದೊಂದು ಮಷೀನಿಗೂ ಅದರದೇ ಕೀ ಬೇಕು. ತಡವಾಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ಸರಿ, ಫೈಲ್‌ಗಳು ಕೈಗೆ ಬಂದವು ಅಂದುಕೊಳ್ಳೋಣ. ಈಗ ರಿಸ್ಟೋರ್ ಕಡೆ ಬರೋಣ. ರಿಸ್ಟೋರ್ ಪಾಯಿಂಟ್ ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಮಷೀನುಗಳಲ್ಲಿ ಈ ಪಾಯಿಂಟ್‌ಗಳನ್ನು ಮಾಡುವ 'ಸಿಸ್ಟಮ್ ಪ್ರೊಟೆಕ್ಷನ್' ಶುರುವಿನಿಂದಲೇ ಆಫ್ ಆಗಿರುತ್ತದೆ. ಆನ್ ಇದ್ದರೂ ಅದಕ್ಕೆ ಕೊಟ್ಟ ಜಾಗ ತುಂಬಿದರೆ ಹಳೆಯ ಪಾಯಿಂಟ್‌ಗಳು ಅಳಿದುಹೋಗುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಂತೂ, 2025ರ ಜೂನ್ ಅಪ್‌ಡೇಟ್ ಆದ ಮೇಲೆ, 60 ದಿನ ದಾಟಿದ ಪಾಯಿಂಟ್ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಪಾಯಿಂಟ್ ಇದ್ದೂ ರಿಸ್ಟೋರ್ ಆಗದಿದ್ದರೆ ಎರರ್ ಕೋಡ್ ಬರೆದುಕೊಳ್ಳಿ. 0ಎಕ್ಸ್80070005 ಅಂದರೆ ಯಾರೋ ಫೈಲ್ ಮುಟ್ಟಲು ಬಿಡುತ್ತಿಲ್ಲ ಅಂತ ಅರ್ಥ. ಹೆಚ್ಚಾಗಿ ಅದು ಆಂಟಿವೈರಸ್. ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಇಲ್ಲವೇ ಸೇಫ್ ಮೋಡ್‌ನಿಂದ ರಿಸ್ಟೋರ್ ಮಾಡಿ. 0ಎಕ್ಸ್80070091 ಬಂದರೆ ಜಗಳ ಸ್ಟೋರ್ ಆ್ಯಪ್‌ಗಳು ಕೂತಿರುವ 'ವಿಂಡೋಸ್ ಆ್ಯಪ್ಸ್' ಫೋಲ್ಡರಿನದು. ಆಗ ನೀಲಿ ಮೆನುವಿನಲ್ಲಿರುವ ಸಿಸ್ಟಮ್ ರಿಸ್ಟೋರ್‌ನಿಂದ ಪ್ರಯತ್ನಿಸಿ. ಅಲ್ಲಿ ವಿಂಡೋಸ್ ಎದ್ದಿರುವುದಿಲ್ಲ, ಫೈಲ್‌ಗಳನ್ನು ಹಿಡಿದುಕೊಂಡು ಕೂರುವವರು ಯಾರೂ ಇರುವುದಿಲ್ಲ. ಆದರೆ ಸೇಫ್ ಮೋಡ್‌ನಿಂದಾಗಲಿ ನೀಲಿ ಮೆನುವಿನಿಂದಾಗಲಿ ಮಾಡಿದ ರಿಸ್ಟೋರ್‌ಗೆ 'ಅನ್‌ಡೂ' ಇಲ್ಲ, ನೆನಪಿರಲಿ. ಇದ್ಯಾವುದೂ ಅಲ್ಲದಿದ್ದರೆ ವಿಂಡೋಸ್‌ನ ಸ್ವಂತ ಫೈಲ್‌ಗಳೇ ಕೆಟ್ಟಿರಬಹುದು. ಅದಕ್ಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಡುವ ಎರಡು ರಿಪೇರಿ ಆಜ್ಞೆಗಳಿವೆ: ಮೊದಲು ಡಿಸ್ಮ್ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಈ ಕ್ರಮ ತಪ್ಪಿಸಬೇಡಿ. ಎಸ್‌ಎಫ್‌ಸಿ ರಿಪೇರಿಗೆ ಬೇಕಾದ ಸರಕನ್ನು ಸರಿಮಾಡಿ ಕೊಡುವುದೇ ಡಿಸ್ಮ್.

ಕೆಲವು ಸಲ ಆ ನೀಲಿ ಮೆನುವೇ ಬರುವುದಿಲ್ಲ. ಇದನ್ನು ಕಂಪ್ಯೂಟರ್ ಚೆನ್ನಾಗಿರುವಾಗಲೇ ನೋಡಿಕೊಳ್ಳಬೇಕು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ರೀಏಜೆಂಟ್‌ಸಿ, ಸ್ಲ್ಯಾಷ್ ಇನ್ಫೋ ಅಂತ ಕೊಡಿ. 'ಡಿಸೇಬಲ್ಡ್' ಅಂದರೆ ಅದೇ ಆಜ್ಞೆಯನ್ನು ಸ್ಲ್ಯಾಷ್ ಎನೇಬಲ್ ಹಾಕಿ ಕೊಡಿ. ಮೈಕ್ರೋಸಾಫ್ಟ್ ಕೂಡ ಇಲ್ಲಿ ಎಡವಿದೆ. 2024ರ ಜನವರಿಯಲ್ಲಿ ರಿಕವರಿಯನ್ನೇ ಭದ್ರ ಮಾಡಲು ಒಂದು ಅಪ್‌ಡೇಟ್ ಕೊಟ್ಟರು. ಅದು ಇನ್‌ಸ್ಟಾಲ್ ಆಗಬೇಕಾದರೆ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಇರಬೇಕಿತ್ತು. ಎಷ್ಟೋ ಜನರ ಮಷೀನಿನಲ್ಲಿ ಅಷ್ಟು ಜಾಗವೇ ಇರಲಿಲ್ಲ, ಅಪ್‌ಡೇಟ್ ಫೇಲ್ ಆಯ್ತು. 2025ರ ಅಕ್ಟೋಬರ್‌ನಲ್ಲಿ ಇನ್ನೂ ಚೆಂದ. ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಆದ ಮೇಲೆ ನೀಲಿ ಮೆನುವಿನಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತುಹೋದವು. ಮೆನು ಕಾಣುತ್ತದೆ, ಒತ್ತಲು ಆಗುವುದಿಲ್ಲ! ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಕೆಲವೇ ದಿನಗಳಲ್ಲಿ ಸರಿಪಡಿಸಿದರು ಅನ್ನಿ.

ಅದಕ್ಕೇ ನಾನು ಮನೆಗೊಂದು 8 ಜಿಬಿ ಪೆನ್‌ಡ್ರೈವ್ ಇರಲಿ ಅನ್ನುವುದು. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಅದರಲ್ಲಿ ವಿಂಡೋಸ್ ತುಂಬಿಡಿ. ನಿಮ್ಮ ಡಿಸ್ಕಿನ ರಿಕವರಿ ಹಾಳಾದರೂ ಇದರಿಂದ ಬೂಟ್ ಮಾಡಿ 'ರಿಪೇರ್ ಯುವರ್ ಕಂಪ್ಯೂಟರ್' ಒತ್ತಿದರೆ ಅದೇ ಉಪಕರಣಗಳು ಸಿಗುತ್ತವೆ. ವಿಂಡೋಸ್ ಏಳುತ್ತಿದ್ದರೆ ಇನ್ನೂ ಸಲೀಸು. ವಿಂಡೋಸ್ ಒಳಗಿನಿಂದಲೇ ಆ ಪೆನ್‌ಡ್ರೈವಿನ ಸೆಟಪ್ ಓಡಿಸಿ, ಫೈಲ್‌ಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆ ಒತ್ತಿ. ವಿಂಡೋಸನ್ನು ಹೊಸದಾಗಿ ಹಾಕುವ 'ರೀಸೆಟ್ ದಿಸ್ ಪಿಸಿ'ಗೆ ಕೈಹಾಕುವ ಮೊದಲು ಇದನ್ನು ಮಾಡಿ ಅಂತ ನನ್ನ ಸಲಹೆ.

ಯಾಕೆಂದರೆ ರೀಸೆಟ್‌ನಲ್ಲಿ 'ಕೀಪ್ ಮೈ ಫೈಲ್ಸ್' ಒತ್ತಿದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳೆಲ್ಲ ಹೋಗುತ್ತವೆ. ತನ್ನ ಇನ್‌ಸ್ಟಾಲ್ ಫೋಲ್ಡರಿನ ಒಳಗೇ ಡೇಟಾ ಇಡುವ ಲೆಕ್ಕದ ಸಾಫ್ಟ್‌ವೇರ್ ಬಳಸುವವರು ಜಾಸ್ತಿ ಹುಷಾರಾಗಿರಿ. ಇನ್ನು ಡಿಟಿಪಿ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ, ನಿಮಗೊಂದು ಮಾತು. ರೀಸೆಟ್ ಆದ ಮೇಲೆ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಹೋಗಿದೆ ಅಷ್ಟೇ. ಆ ಸ್ಥಿತಿಯಲ್ಲಿ ಏನನ್ನೂ ತಿದ್ದಿ ಸೇವ್ ಮಾಡಬೇಡಿ. ಮುಚ್ಚಿ, ನುಡಿಯನ್ನೋ ಬರಹವನ್ನೋ ಮತ್ತೆ ಇನ್‌ಸ್ಟಾಲ್ ಮಾಡಿ, ಆಮೇಲೆ ತೆರೆಯಿರಿ.