ಒಂದು ಆರ್ಡರಿನ ಕನಿಷ್ಠ ಮೊತ್ತ ಎಷ್ಟಿರಬೇಕು?

ನಮಸ್ಕಾರ. ನಿಯಮ ಹಾಕಿಕೊಂಡು ಶೇರು ಕೊಳ್ಳುವವರು ಒಂದು ಆರ್ಡರಿನ ಕನಿಷ್ಠ ಮೊತ್ತವನ್ನು ಹೇಗೆ ಗೊತ್ತುಮಾಡಬೇಕು ಎಂಬುದೇ ಈ ಸಂಚಿಕೆಯ ವಿಷಯ.

ನಾನು ಅನುಸರಿಸುವ ಕ್ರಮ ಸರಳವಾದದ್ದು. ಒಂದು ಕಂಪನಿಯಲ್ಲಿ ನನ್ನ ಶೇರುಗಳ ಮೌಲ್ಯ ಒಂದು ಲಕ್ಷ ರೂಪಾಯಿ ಇರಬೇಕೆಂದು ಮೊದಲೇ ಗುರಿ ಬರೆದಿಟ್ಟು, ಬೆಲೆ ಇಳಿದು ಮೌಲ್ಯ ಕಡಿಮೆಯಾದಾಗ ಆ ಕೊರತೆಯಷ್ಟನ್ನೇ ಖರೀದಿಸಿ ತುಂಬುತ್ತೇನೆ. ಇದನ್ನು ಅಕ್ಷರಶಃ ಪಾಲಿಸಹೊರಟರೆ ಬೆಲೆ ಶೇ. 1 ಇಳಿದ ದಿನವೂ ಸಾವಿರ ರೂಪಾಯಿಗೆ ಆರ್ಡರ್ ಹಾಕಬೇಕಾಗುತ್ತದೆ. ಅದನ್ನು ತಡೆಯುವುದೇ ಕನಿಷ್ಠ ಮೊತ್ತದ ಕೆಲಸ.

ಪರದೆಯ ಮೇಲಿನ ಕಾಂಟ್ರಾಕ್ಟ್ ನೋಟನ್ನು, ಅಂದರೆ ವಹಿವಾಟಿನ ನಂತರ ಬ್ರೋಕರ್ ಕಳುಹಿಸುವ ಖರ್ಚಿನ ಪಟ್ಟಿಯನ್ನು ನೋಡಿ. ಶೇ. 0.1ರ ಎಸ್‌ಟಿಟಿ (ಶೇರು ವಹಿವಾಟಿನ ತೆರಿಗೆ) ಮತ್ತು ಶೇ. 0.015ರ ಸ್ಟಾಂಪ್ ಶುಲ್ಕಗಳು ಮೊತ್ತಕ್ಕೆ ತಕ್ಕಂತೆ ಏರಿಳಿಯುವುದರಿಂದ, ಆರ್ಡರ್ ಸಣ್ಣದಾದ ಮಾತ್ರಕ್ಕೆ ಅವು ಭಾರವಾಗುವುದಿಲ್ಲ. ಭಾರವಾಗುವುದು ಆರ್ಡರಿಗೆ ಇಷ್ಟು ಎಂದು ನಿಗದಿಯಾದ ಬ್ರೋಕರೇಜ್, ಅಂದರೆ ಬ್ರೋಕರರ ಶುಲ್ಕ. ಒಂದು ಚೀಲ ಅಡಿಕೆಯನ್ನು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊಗೆ ಒಯ್ದರೂ ಹತ್ತು ಚೀಲ ಒಯ್ದರೂ ಜೀಪಿನ ಬಾಡಿಗೆ ಅಷ್ಟೇ ಅಲ್ಲವೇ? 20 ರೂಪಾಯಿ ಬ್ರೋಕರೇಜಿಗೆ ಶೇ. 18ರ ಜಿಎಸ್‌ಟಿ ಸೇರಿದರೆ 23.60 ರೂಪಾಯಿ. ಸಾವಿರ ರೂಪಾಯಿಯ ಖರೀದಿಗೆ ಅದು ಶೇ. 2.36 ಆಗುತ್ತದೆ. ಈ ಖರ್ಚು ಶೇ. 0.25ನ್ನು ಮೀರಬಾರದೆಂದು ನಿರ್ಧರಿಸಿದರೆ ಆರ್ಡರ್ 9,440 ರೂಪಾಯಿಗಿಂತ ಕಡಿಮೆಯಿರಬಾರದು; ನಾನು 10,000 ಎಂದು ಇಟ್ಟುಕೊಂಡಿದ್ದೇನೆ. ಡೆಲಿವರಿ ಖರೀದಿಗೆ (ಅದೇ ದಿನ ಮಾರದೆ ಶೇರನ್ನು ಖಾತೆಯಲ್ಲಿ ಇಟ್ಟುಕೊಳ್ಳುವ ಖರೀದಿಗೆ) ಬ್ರೋಕರೇಜ್ ಪಡೆಯದ ಕಡೆ ಖಾತೆಯಿದ್ದವರಿಗೆ ಈ ಲೆಕ್ಕ ಬೇಕಿಲ್ಲ, ಆದರೆ ಮುಂದಿನದು ಅವರಿಗೂ ಬೇಕು.

ಕನಿಷ್ಠ ಮೊತ್ತವು ಖರ್ಚನ್ನಷ್ಟೇ ಅಲ್ಲ, ಎಷ್ಟು ಇಳಿದಾಗ ಕೊಳ್ಳುತ್ತೇವೆ ಎಂಬುದನ್ನೂ ತೀರ್ಮಾನಿಸುತ್ತದೆ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಒಂದು ಲಕ್ಷದ ಗುರಿಗೆ 2,000 ರೂಪಾಯಿಯ ಕನಿಷ್ಠವಿದ್ದರೆ ಶೇ. 2ರ ದಿನನಿತ್ಯದ ಏರಿಳಿತಕ್ಕೂ ಖರೀದಿ ನಡೆಯುತ್ತದೆ. 25,000 ಎಂದರೆ ಬೆಲೆ ಕಾಲುಭಾಗ ಕುಸಿಯುವವರೆಗೆ ನಿಯಮ ಸುಮ್ಮನೆ ಕೂತಿರುತ್ತದೆ. 10,000ದ ಕನಿಷ್ಠದಲ್ಲಿ ಹಿಂದಿನ ಖರೀದಿಯ ಬೆಲೆಗಿಂತ ಶೇ. 10 ಇಳಿದಾಗಲೆಲ್ಲ ಒಂದು ಖರೀದಿ, ಬೆಲೆ ಸುಮಾರು ಶೇ. 47 ಇಳಿಯುವ ಹೊತ್ತಿಗೆ ಆರು ಖರೀದಿಗಳಾಗಿ 60,000 ರೂಪಾಯಿ ಬೇಕಾಗುತ್ತದೆ. ಕಾಸರಗೋಡು ಜಿಲ್ಲೆಯ ನೀರ್ಚಾಲು, ಪೆರ್ಲ, ಬದಿಯಡ್ಕದ ಕಡೆಯ ಕೃಷಿಕರಿಗೆ ಹಣ ಸಂಬಳದಂತೆ ತಿಂಗಳು ತಿಂಗಳು ಬರುವುದಿಲ್ಲ, ಅಡಿಕೆ ಕೊಟ್ಟಾಗ ಒಟ್ಟಿಗೆ ಬರುತ್ತದೆ. ಆದ್ದರಿಂದ ಆ 60,000ವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ತೆಗೆದಿರಿಸಿದ ಮೇಲೆಯೇ ಈ ಕ್ರಮವನ್ನು ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗುರಿ ನಾಲ್ಕು ಲಕ್ಷಕ್ಕೆ ಏರಿದಾಗ ಅದೇ 10,000 ರೂಪಾಯಿ ಕೇವಲ ಶೇ. 2.5 ಆಗಿಬಿಡುತ್ತದೆ. ಹಾಗಾಗಿ 10,000 ರೂಪಾಯಿ ಅಥವಾ ಗುರಿಯ ಶೇ. 10, ಇವೆರಡರಲ್ಲಿ ದೊಡ್ಡದು ಯಾವುದೋ ಅದೇ ಕನಿಷ್ಠ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮಲ್ಲಿ ಶೇರಿನ ತುಣುಕು ಸಿಗುವುದಿಲ್ಲವಾದ್ದರಿಂದ ಇನ್ನೊಂದು ಸಣ್ಣ ತೊಡಕಿದೆ. ಬೆಲೆ 3,000 ಇದ್ದರೆ 10,000ದ ಕೊರತೆಗೆ ಮೂರೇ ಶೇರು, ಅಂದರೆ 9,000 ರೂಪಾಯಿಯ ಆರ್ಡರ್. ಖರ್ಚು ಶೇ. 0.25ನ್ನು ತುಸು ಮೀರಿದರೂ ಕನಿಷ್ಠಕ್ಕೆ ಹೋಲಿಸಬೇಕಾದದ್ದು ಕೊರತೆಯನ್ನು, ಆರ್ಡರನ್ನಲ್ಲ. ಉಳಿದ ಸಾವಿರ ಮುಂದಿನ ಲೆಕ್ಕಕ್ಕೆ ತಾನಾಗಿಯೇ ಸೇರುತ್ತದೆ. 2023ರ ಜೂನ್‌ನಲ್ಲಿ ಒಂದೇ ಶೇರಿನ ಬೆಲೆ ಲಕ್ಷ ರೂಪಾಯಿ ದಾಟಿದ, ಟಯರ್ ಕಂಪನಿ ಎಂಆರ್‌ಎಫ್‌ನಂತಹ ಶೇರಿಗೆ ಒಂದು ಲಕ್ಷದ ಗುರಿಯೇ ಸಾಲದು.

ಮಾರುವಾಗ ಡಿಪಿ ಶುಲ್ಕವೂ, ಅಂದರೆ ಶೇರುಗಳನ್ನು ಇಡುವ ಡಿಮ್ಯಾಟ್ ಖಾತೆಯಿಂದ ಅವನ್ನು ಹೊರಗೆ ಕಳುಹಿಸುವ ಶುಲ್ಕವೂ ಸೇರುತ್ತದೆ. ಎಷ್ಟು ಶೇರು ಮಾರಿದರೂ ಅದು ಬದಲಾಗುವುದಿಲ್ಲ. ಅದು 15 ರೂಪಾಯಿ ಎಂದಿಟ್ಟುಕೊಂಡರೆ ಜಿಎಸ್‌ಟಿ ಸಹಿತ 17.70, ಬ್ರೋಕರೇಜ್ ಕೂಡಿ ಒಟ್ಟು 41.30 ರೂಪಾಯಿ, ಶೇ. 0.25ರ ಮಿತಿಯಲ್ಲಿ ಮಾರಾಟದ ಕನಿಷ್ಠ 16,520 ಆಗುತ್ತದೆ. ನಾನು 17,000 ಎಂದು ಬರೆದಿಟ್ಟುಕೊಂಡಿದ್ದೇನೆ, ಬ್ರೋಕರರ ದರಪಟ್ಟಿ ಬದಲಾದರೆ ಎರಡೂ ಅಂಕಿಗಳನ್ನು ಮತ್ತೆ ಲೆಕ್ಕಹಾಕುತ್ತೇನೆ.